ರಕ್ತಕ್ಕೆ ರೇಟು ಇದ್ದ ಕಾಲ

ಒಂದು ಪ್ರಶ್ನೆ ಕೇಳ್ತೀನಿ, ಯೋಚಿಸಿ ಉತ್ತರ ಹೇಳಿ. ನಮ್ಮ ದೇಶದ ಕಾನೂನಿನ ಪ್ರಕಾರ ರಕ್ತ ಅಂದರೆ ಏನು? ದಾನ ಅಂತೀರಾ? ಜೀವ ಅಂತೀರಾ? ಎರಡೂ ಅಲ್ಲ. ಕಾನೂನಿನ ಕಣ್ಣಲ್ಲಿ ರಕ್ತ ಒಂದು ಔಷಧಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರ ಕೆಳಗೆ 1945ರಲ್ಲಿ ಬಂದ ನಿಯಮಗಳು, ಇವುಗಳ ಅಡಿಯಲ್ಲೇ ರಕ್ತವನ್ನೂ ನಿಯಂತ್ರಿಸಲಾಗುತ್ತೆ. ತಲೆನೋವಿನ ಗುಳಿಗೆ ತಯಾರಿಸುವವನಿಗೂ ರಕ್ತ ಸಂಗ್ರಹಿಸುವವನಿಗೂ ಲೈಸೆನ್ಸ್ ಬೇಕಾಗೋದು ಇದೇ ಕಾಯ್ದೆಯಲ್ಲಿ. ಆದರೆ ಈ ಔಷಧಿಗೆ ಎರಡು ವಿಶೇಷ ಇದೆ. ಇದನ್ನು ಯಾವ ಫ್ಯಾಕ್ಟರಿಯಲ್ಲೂ ತಯಾರಿಸೋಕೆ ಆಗಲ್ಲ. ಮತ್ತು ಇದನ್ನು ಯಾರೂ ಮಾರುವ ಹಾಗಿಲ್ಲ.

ಹಳೇ ಹುಬ್ಬಳ್ಳಿಗೆ ಹೋಗಿ, ಇಂಡಿಪಂಪ್ ಸರ್ಕಲ್ ಹತ್ತಿರ ಚಹಾದ ಅಂಗಡಿ ಮುಂದೆ ನಿಂತು ಈ ವಿಷಯ ತೆಗೀರಿ. ರಕ್ತಕ್ಕಾಗಿ ಓಡಾಡಿದ ಕಥೆ ಒಬ್ಬರಲ್ಲ ಒಬ್ಬರು ಹೇಳೇ ಹೇಳ್ತಾರೆ. ಹೆರಿಗೆಗೆ ಹೋದ ಮಗಳು, ಕಾರವಾರ ರಸ್ತೆಯಲ್ಲಿ ಬೈಕಿನಿಂದ ಬಿದ್ದ ತಮ್ಮ, ಡೆಂಗಿ ಬಂದ ಕೂಸು. ರಾತ್ರಿ ಹನ್ನೊಂದಕ್ಕೆ ಫೋನು: "ಕಾಕಾ, ನಿಮ್ಮ ಹುಡುಗಂದು ಯಾವ ಗ್ರೂಪ್ ಐತ್ರಿ? ಕೆಎಂಸಿಗೆ ಜಲ್ದಿ ಕಳಸ್ರಿ." 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಅಂತ ಶುರುವಾದ ಸಂಸ್ಥೆ ಆಮೇಲೆ ಕಿಮ್ಸ್ ಆಯ್ತು. ಊರವರ ಬಾಯಲ್ಲಿ ಮಾತ್ರ ಅದು ಯಾವತ್ತೂ ಕೆಎಂಸಿನೇ. ಧಾರವಾಡ ಜಿಲ್ಲೆ ಮಾತ್ರ ಅಲ್ಲ, ಗದಗ, ಹಾವೇರಿ, ಉತ್ತರ ಕನ್ನಡದಿಂದಲೂ ರೋಗಿಗಳು ಬಂದು ಸೇರೋದು ಅಲ್ಲಿಗೇ. ಆ ರಾತ್ರಿಯ ಫೋನಿನ ಹಿಂದೆ ದೊಡ್ಡದೊಂದು ಇತಿಹಾಸ ಇದೆ. ಕಾನೂನು ಇದೆ. ಆ ಕಾನೂನಿನಲ್ಲಿ ಒಂದು ತೂತೂ ಇದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವ ಪ್ರಯತ್ನ ಶತಮಾನಗಳಷ್ಟು ಹಳೆಯದು. ಕೆಲವರು ಬದುಕ್ತಿದ್ರು, ಕೆಲವರು ಅಲ್ಲೇ ಸಾಯ್ತಿದ್ರು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದಲ್ಲಿ ಬೇರೆ ಬೇರೆ ಗುಂಪುಗಳಿವೆ ಅಂತ ತೋರಿಸಿಕೊಟ್ಟ. 1930ರಲ್ಲಿ ಅವನಿಗೆ ನೊಬೆಲ್ ಬಂತು. 1914ರಲ್ಲಿ ಬೆಲ್ಜಿಯಂ ಮತ್ತು ಅರ್ಜೆಂಟೀನಾದ ವೈದ್ಯರು ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟಲ್ಲ ಅಂತ ಕಂಡುಕೊಂಡರು. ಅಲ್ಲಿಂದ ರಕ್ತವನ್ನು ಬಾಟಲಿಯಲ್ಲಿ ಇಡೋದು ಸಾಧ್ಯವಾಯ್ತು. 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ಬರ್ನಾರ್ಡ್ ಫ್ಯಾಂಟಸ್ ಇಂಥ ಒಂದು ವ್ಯವಸ್ಥೆಗೆ 'ಬ್ಲಡ್ ಬ್ಯಾಂಕ್' ಅಂತ ಹೆಸರಿಟ್ಟರು. ಜಮಾ ಮಾಡು, ಬೇಕಾದಾಗ ತಗೋ. ಈ 'ಬ್ಯಾಂಕ್' ಅನ್ನೋ ಪದವನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ನಮ್ಮಲ್ಲಿ ಇದು ಬಂದಿದ್ದು ಯುದ್ಧದ ಜೊತೆ. 1942ರಲ್ಲಿ ಕಲ್ಕತ್ತಾದಲ್ಲಿ, ರೆಡ್ ಕ್ರಾಸ್ ನಿರ್ವಹಣೆಯಲ್ಲಿ. ಗಾಯಗೊಂಡ ಸೈನಿಕರಿಗೆ ಅಂದಾಗ ಜನ ಮುಂದೆ ಬಂದರು. ಯುದ್ಧ ಮುಗೀತು, ಉತ್ಸಾಹವೂ ಮುಗೀತು. ಆದರೆ ಆಪರೇಷನ್ ನಿಲ್ಲಲಿಲ್ಲ, ಹೆರಿಗೆ ನಿಲ್ಲಲಿಲ್ಲ. ಹಾಗಾದರೆ ರಕ್ತ ಎಲ್ಲಿಂದ? ದುಡ್ಡು ಕೊಟ್ಟು ತಂದರು. ರಿಕ್ಷಾ ಎಳೆಯುವವನು, ಕೂಲಿ ಸಿಗದವನು, ಕುಡಿತಕ್ಕೆ ಬಿದ್ದವನು ಬಂದು ತೋಳು ಚಾಚಿದ. ನಡುವೆ ದಲಾಲಿ ಹುಟ್ಟಿಕೊಂಡ. ಸರ್ಕಾರಿ ಕಾಗದಗಳಲ್ಲಿ ಇವರಿಗೆ ಕೊಟ್ಟ ಹೆಸರು 'ವೃತ್ತಿಪರ ದಾನಿ'. ಎಂಥ ಪದ ನೋಡಿ! ವೃತ್ತಿ ಆದ ಮೇಲೆ ಅದು ದಾನ ಹೇಗಾಗುತ್ತೆ ಸ್ವಾಮಿ?

ಮಾರಾಟ ಆದರೆ ತಪ್ಪೇನು, ಬಡವನಿಗೆ ನಾಲ್ಕು ಕಾಸು ಸಿಗುತ್ತಲ್ಲ ಅಂತ ಕೇಳೋರಿದ್ದಾರೆ. ತಪ್ಪು ಇಲ್ಲಿದೆ. ಪ್ರತಿ ದಾನಿಗೂ ಒಂದು ಫಾರಂ ಕೊಟ್ಟು ಕೇಳ್ತಾರೆ: ಕಾಮಾಲೆ ಆಗಿತ್ತಾ? ಕೊನೇ ಸಲ ಯಾವಾಗ ಕೊಟ್ಟಿದ್ದು? ಸುಮ್ಮನೆ ಕೊಡಲು ಬಂದವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ದುಡ್ಡಿಗೆ ಬಂದವನು ನಿಜ ಹೇಳಿದರೆ ಅವತ್ತಿನ ಊಟ ಹೋಗುತ್ತೆ. ಹೋದ ವಾರ ಕೊಟ್ಟವನು ಈ ವಾರ ಇನ್ನೊಂದು ಕಡೆ ಕೊಡ್ತಾನೆ. ಅವನ ರಕ್ತ ನೀರಾಗುತ್ತೆ, ತಗೊಂಡವನಿಗೆ ರೋಗ ಬರುತ್ತೆ. ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲಿ ಬರೆದ ಪುಸ್ತಕದಲ್ಲಿ ಮಂಡಿಸಿದ್ದೂ ಇದೇ ವಾದ: ಕೊಂಡ ರಕ್ತಕ್ಕಿಂತ ದಾನದ ರಕ್ತವೇ ಸುರಕ್ಷಿತ. 1975ರಲ್ಲಿ ವಿಶ್ವ ಆರೋಗ್ಯ ಸಭೆ ಎಲ್ಲ ದೇಶಗಳಿಗೂ ಹೇಳಿತು, ಹಣ ಪಡೆಯದ ಸ್ವಯಂಪ್ರೇರಿತ ದಾನವನ್ನೇ ಬೆಳೆಸಿ ಅಂತ. ಅದೇ ವರ್ಷದಿಂದ ನಮ್ಮಲ್ಲೂ ಅಕ್ಟೋಬರ್ 1ನ್ನು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಅಂತ ಆಚರಿಸ್ತಾ ಬಂದಿದ್ದೇವೆ. ಭಾಷಣ ಆಯ್ತು, ಬ್ಯಾನರ್ ಕಟ್ಟಿದ್ದಾಯ್ತು. ಮಾರಾಟ ಮಾತ್ರ ನಡೀತಾನೇ ಇತ್ತು.

ಆಮೇಲೆ 1986 ಬಂತು. ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕಿನ ಪ್ರಕರಣಗಳು ಪತ್ತೆಯಾದವು. 1989ರಲ್ಲಿ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯ ಆಯ್ತು. ಕಡ್ಡಾಯ ಅಂತ ಬರೆದರೆ ಸಾಕಾ? ಪರೀಕ್ಷೆ ಮಾಡೋರು ಯಾರು? 1990ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಫರ್ಗ್ಯುಸನ್ ಅನ್ನೋ ಸಂಸ್ಥೆಯಿಂದ ರಕ್ತನಿಧಿಗಳ ಅಧ್ಯಯನ ಮಾಡಿಸಿತು. ಹೊರಬಂದ ಚಿತ್ರ ಭಯ ಹುಟ್ಟಿಸುವಂಥದ್ದು. ದೇಶದಲ್ಲಿದ್ದ 1,018 ರಕ್ತನಿಧಿಗಳಲ್ಲಿ 616ಕ್ಕೆ ಲೈಸೆನ್ಸೇ ಇರಲಿಲ್ಲ! ಔಷಧಿ ಅಂತ ಕಾಯ್ದೆ ಹೇಳುತ್ತೆ, ಅರ್ಧಕ್ಕಿಂತ ಹೆಚ್ಚು ಅಂಗಡಿಗಳು ಲೈಸೆನ್ಸ್ ಇಲ್ಲದೆ ಬಾಗಿಲು ತೆರೆದು ಕೂತಿದ್ದವು.

ಆ ವರದಿ ಕಪಾಟಿನಲ್ಲಿ ಧೂಳು ತಿನ್ನುತ್ತಾ ಇರುತ್ತಿತ್ತೇನೋ. ನಿವೃತ್ತ ಅಧಿಕಾರಿ ಎಚ್.ಡಿ. ಶೌರಿ ತಮ್ಮ 'ಕಾಮನ್ ಕಾಸ್' ಸಂಸ್ಥೆಯ ಮೂಲಕ 1992ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 1996ರ ಜನವರಿ 4ರಂದು ತೀರ್ಪು ಬಂತು. ಒಂದು ವರ್ಷದಲ್ಲಿ ಎಲ್ಲ ರಕ್ತನಿಧಿಗಳಿಗೂ ಲೈಸೆನ್ಸ್ ಆಗಬೇಕು. ರಾಷ್ಟ್ರ ಮಟ್ಟದಲ್ಲಿ, ರಾಜ್ಯಗಳಲ್ಲಿ ರಕ್ತ ಪೂರಣ ಮಂಡಳಿಗಳು ಆಗಬೇಕು. ಎರಡು ವರ್ಷದಲ್ಲಿ ದುಡ್ಡಿನ ದಾನ ನಿಲ್ಲಬೇಕು. 1998ರ ಜನವರಿ 1ರಿಂದ ರಕ್ತದ ಮಾರಾಟಕ್ಕೆ ನಿಷೇಧ ಬಿತ್ತು. ರಕ್ತಕ್ಕೆ ಪ್ರತ್ಯೇಕ ಕಾಯ್ದೆ ಮಾಡುವ ಬಗ್ಗೆ ಯೋಚಿಸಿ ಅಂತಲೂ ಕೋರ್ಟ್ ಕೇಂದ್ರಕ್ಕೆ ಹೇಳಿತ್ತು. ಆ ಕಾಯ್ದೆ ಇನ್ನೂ ಬಂದಿಲ್ಲ. ರಕ್ತ ಇವತ್ತಿಗೂ ಗುಳಿಗೆ, ಟಾನಿಕ್ಕುಗಳ ಸಾಲಿನಲ್ಲೇ ಇದೆ. ಸಂಸತ್ತು ಮಾಡಬೇಕಾದ ಕೆಲಸವನ್ನು ಒಬ್ಬ ನಿವೃತ್ತ ಅಧಿಕಾರಿಯ ಅರ್ಜಿ ಮಾಡಿಸಿತು ಅನ್ನೋದನ್ನ ನಾವು ಮರೀಬಾರದು.

ಈಗಿನ ನಿಯಮ ಏನು? ಇದನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ. ವಯಸ್ಸು 18ರಿಂದ 65. ತೂಕ ಕನಿಷ್ಠ 45 ಕೆಜಿ. ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಪ್ರತಿ ಚೀಲಕ್ಕೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಆದರೆ ಸೋಂಕು ತಗುಲಿದ ಮೊದಲ ಕೆಲವು ದಿನ ಯಾವ ಪರೀಕ್ಷೆಗೂ ಅದು ಸಿಗದೇ ಇರಬಹುದು. ಹಾಗಾಗಿ ಫಾರಂನಲ್ಲಿ ಬರೆಯುವ ನಿಜವೇ ಮೊದಲ ಪರೀಕ್ಷೆ.

ಹಾಗಾದರೆ ಬಿಲ್ಲು ಯಾಕೆ ಕೊಡ್ತಾರೆ ಅಂತ ನೀವು ಕೇಳ್ತೀರಿ. ಆ ದುಡ್ಡು ರಕ್ತದ ಬೆಲೆ ಅಲ್ಲ. ಚೀಲ, ಪರೀಕ್ಷೆ, ಸಂಗ್ರಹಣೆಯ ಖರ್ಚು. ಅದಕ್ಕೂ ಮಿತಿ ಇದೆ. 2022ರ ಮಾರ್ಗಸೂಚಿಯಲ್ಲಿ ಒಂದು ಯೂನಿಟ್ ಕೆಂಪುಕಣಕ್ಕೆ ಸರ್ಕಾರಿ ಕೇಂದ್ರದಲ್ಲಿ 1,100, ಖಾಸಗಿಯಲ್ಲಿ 1,550 ರೂಪಾಯಿ. ಹೆಚ್ಚುವರಿ ಪರೀಕ್ಷೆ ಇದ್ದರೆ ಅದರ ಖರ್ಚು ಬೇರೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗಿಗಳಿಗೆ ಉಚಿತವಾಗಿ ಕೊಡಬೇಕು ಅನ್ನೋ ಸೂಚನೆಯೂ ಇದೆ. 2024ರ ಜನವರಿಯಲ್ಲಿ ಕೇಂದ್ರದ ಔಷಧ ನಿಯಂತ್ರಕರು ಮತ್ತೊಮ್ಮೆ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಹೇಳಿದರು: ರಕ್ತ ಮಾರಾಟಕ್ಕಿಲ್ಲ. ಮತ್ತೆ ಮತ್ತೆ ಹೇಳಬೇಕಾಗಿ ಬರುತ್ತೆ ಅಂದರೆ ಏನರ್ಥ, ನೀವೇ ಊಹಿಸಿ.

ಇನ್ನೊಂದು ವಿಷಯ. ನೀವು ಕೊಡೋದು ಒಂದು ಚೀಲ, ಅದು ಹೋಗೋದು ಮೂರು ಮನೆಗೆ. ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಮೊಸರು ಕಡೆದ ಹಾಗೆ ಬೇರೆ ಬೇರೆ ಆಗುತ್ತೆ. ಕೆಂಪುಕಣ ಹೆರಿಗೆಯಲ್ಲಿ ರಕ್ತ ಹೋದ ತಾಯಿಗೆ, ಅಪಘಾತದಲ್ಲಿ ಗಾಯಗೊಂಡವನಿಗೆ. ಇದು 2ರಿಂದ 6 ಡಿಗ್ರಿ ತಂಪಿನಲ್ಲಿ 35ರಿಂದ 42 ದಿನ ಇರುತ್ತೆ. ಪ್ಲೇಟ್‌ಲೆಟ್ ಕ್ಯಾನ್ಸರ್ ರೋಗಿಗೆ, ಡೆಂಗಿಯಲ್ಲಿ ರಕ್ತಸ್ರಾವ ಆಗುವವರಿಗೆ. ನಮ್ಮ ಜನ ಇದನ್ನ 'ಬಿಳಿ ರಕ್ತಕಣ' ಅಂತಾರೆ, ಅದು ತಪ್ಪು, ಬಿಳಿ ರಕ್ತಕಣವೇ ಬೇರೆ. ಪ್ಲೇಟ್‌ಲೆಟ್ಟನ್ನು 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಾ ಇಡಬೇಕು. ಆಯುಷ್ಯ ಬರೀ ಐದು ದಿನ! ಉಳಿದ ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಗೆ ಹೆಪ್ಪುಗಟ್ಟಿಸಿ ಒಂದು ವರ್ಷ ಇಡ್ತಾರೆ. ಅದರಿಂದಲೇ ಕ್ರಯೋಪ್ರೆಸಿಪಿಟೇಟ್ ಅನ್ನೋದನ್ನೂ ತೆಗೀತಾರೆ. 1960ರ ದಶಕದಲ್ಲಿ ಅಮೆರಿಕದ ಜುಡಿತ್ ಪೂಲ್ ಕಂಡುಹಿಡಿದ ಈ ವಿಧಾನ, ಗಾಯವಾದರೆ ರಕ್ತವೇ ನಿಲ್ಲದ ಹಿಮೋಫಿಲಿಯಾ ಮಕ್ಕಳಿಗೆ ಜೀವದಾನ ಆಯ್ತು.

ಈಗ ಆ ತೂತಿನ ವಿಷಯಕ್ಕೆ ಬರ್ತೀನಿ. 'ಬ್ಯಾಂಕ್' ಪದ ನೆನಪಿದೆಯಾ? ಜಮಾ ಮಾಡಿದವನಿಗೆ ಮಾತ್ರ ತೆಗೆಯುವ ಹಕ್ಕು ಅನ್ನೋ ಭಾವನೆ ಆ ಪದದಲ್ಲೇ ಇದೆ. ಅದರಿಂದ ಬಂದಿದ್ದೇ 'ಬದಲಿ ರಕ್ತ'. ನಿಮ್ಮ ರೋಗಿಗೆ ಎರಡು ಯೂನಿಟ್ ಬೇಕಾ, ಹಾಗಾದರೆ ಇಬ್ಬರನ್ನು ಕರ್ಕೊಂಡು ಬನ್ನಿ. 2002ರ ರಾಷ್ಟ್ರೀಯ ರಕ್ತ ನೀತಿ ಈ ಬದಲಿ ಪದ್ಧತಿಯನ್ನು ಹಂತಹಂತವಾಗಿ ಬಿಡಬೇಕು ಅಂದಿತು. 2020ರಲ್ಲಿ ನಿಯಮ ತಿದ್ದಿ 'ರಕ್ತನಿಧಿ' ಅನ್ನೋ ಹೆಸರನ್ನೇ 'ರಕ್ತ ಕೇಂದ್ರ' ಅಂತ ಬದಲಾಯಿಸಿದರು. ಬೋರ್ಡು ಬದಲಾಯ್ತು, ಆಸ್ಪತ್ರೆ ಬಾಗಿಲಲ್ಲಿ ಕೇಳುವ ಮಾತು ಪೂರ್ತಿ ಬದಲಾಗಿಲ್ಲ. ಊರಲ್ಲಿ ಹತ್ತು ಜನ ನೆಂಟರಿದ್ದವನು ಫೋನ್ ಹಚ್ಚುತ್ತಾನೆ. ಕೊಪ್ಪಳದ ಹಳ್ಳಿಯಿಂದ ಹೆಂಡತಿಯನ್ನು ಆಂಬುಲೆನ್ಸಿನಲ್ಲಿ ತಂದವನು ಯಾರಿಗೆ ಫೋನ್ ಹಚ್ಚಬೇಕು? ಅಂಥವನ ಪಕ್ಕಕ್ಕೇ ದಲಾಲಿ ಬಂದು ನಿಲ್ಲೋದು. "ನಾ ಕೊಡಸ್ತೀನಿ ಬರ್ರಿ" ಅಂತ. ನಿಷೇಧ ಬಂದು ಹತ್ತು ವರ್ಷದ ಮೇಲೆ, 2008ರಲ್ಲಿ, ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಬಡವರನ್ನು ಕೂಡಿಹಾಕಿ ರಕ್ತ ಹೀರಿ ಮಾರುತ್ತಿದ್ದ ಜಾಲ ಸಿಕ್ಕಿಬಿತ್ತು. ಕಾನೂನು ಮಾರಾಟ ನಿಲ್ಲಿಸಬಹುದು. ಆದರೆ ರಕ್ತ ಸೃಷ್ಟಿಸೋಕೆ ಕಾನೂನಿಗೆ ಆಗಲ್ಲ. ಕೊರತೆ ಇದ್ದ ಕಡೆ ದಲಾಲಿ ಇದ್ದೇ ಇರ್ತಾನೆ.

"ನಮ್ಮ ಮನಿಯವರ ರಕ್ತಾನೇ ಹಾಕ್ರಿ" ಅಂತ ಹಟ ಹಿಡಿಯೋರೂ ಇದ್ದಾರೆ. ಮನೆಯವರ ರಕ್ತ ಅಂದ ಮಾತ್ರಕ್ಕೆ ಅದು ಶುದ್ಧ ಅಂತಲ್ಲ. ಅಪರೂಪಕ್ಕೆ ಹತ್ತಿರದ ರಕ್ತಸಂಬಂಧಿಯ ಬಿಳಿ ಕಣಗಳು ರೋಗಿಯ ದೇಹದ ಮೇಲೇ ತಿರುಗಿ ಬೀಳೋದೂ ಉಂಟು. ಪರೀಕ್ಷೆ ಮುಗಿದು ತಂಪಿನಲ್ಲಿ ಸಿದ್ಧವಾಗಿರುವ ಅಪರಿಚಿತನ ರಕ್ತವೇ ಒಳ್ಳೇದು. ಅದು ಸಿದ್ಧವಾಗಿರಬೇಕಾದರೆ ಯಾರೋ ಅಪರಿಚಿತ ಮೊದಲೇ ಬಂದು ಕೊಟ್ಟಿರಬೇಕು.

ಶಿಬಿರಗಳು ನಡೀತಾವಲ್ಲ ಅಂತೀರಾ? ನಡೀತಾವೆ. ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ನೂರಾರು ಜನ ಕೊಡ್ತಾರೆ, ಫೋಟೋ ಬರುತ್ತೆ, ನಾವೂ ಟಿವಿಯಲ್ಲಿ ತೋರಿಸ್ತೀವಿ. ಲೆಕ್ಕ ಹಾಕಿ ನೋಡಿ. ಐದು ದಿನಕ್ಕೆ ಆ ಪ್ಲೇಟ್‌ಲೆಟ್ ಅವಧಿ ಮುಗೀತು. ಆರು ವಾರಕ್ಕೆ ಕೆಂಪುಕಣವೂ ಮುಗೀತು. ಆ ನೂರಾರು ದಾನಿಗಳು ಮಾತ್ರ ಮೂರು ತಿಂಗಳು ಮತ್ತೆ ಕೊಡುವ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜು ರಜೆ, ಕೊಡುವ ಹುಡುಗರು ಊರಿಗೆ ಹೋಗಿರ್ತಾರೆ. ಬೇಕಾಗಿರೋದು ಒಂದು ದಿನದ ಜಾತ್ರೆ ಅಲ್ಲ ಸ್ವಾಮಿ, ವರ್ಷಪೂರ್ತಿ ಹರಿಯುವ ನಲ್ಲಿ.

ಹಳೇ ಹುಬ್ಬಳ್ಳಿಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಿದ್ಧಾರೂಢ ಮಠದ ದಾಸೋಹಕ್ಕೆ ಜೋಳದ ಚೀಲ ಕೊಡುವವನು ಇದನ್ನು ಯಾರು ಉಣ್ತಾರೆ ಅಂತ ಕೇಳೋದಿಲ್ಲ. ಒಲೆ ಆರಬಾರದು, ಅಷ್ಟೇ. ಹಾಗೇ ಓಣಿಗೊಂದು ತಿಂಗಳು ಹಂಚಿಕೊಳ್ಳಿ. ಈ ತಿಂಗಳು ಈ ಓಣಿಯ ಇಪ್ಪತ್ತು ಜನ, ಮುಂದಿನ ತಿಂಗಳು ಪಕ್ಕದ ಓಣಿಯ ಇಪ್ಪತ್ತು ಜನ. ಯಾರೂ ಫೋನ್ ಮಾಡದೇ ಇದ್ದಾಗ, ಯಾರ ಮನೆಯಲ್ಲೂ ರೋಗಿ ಇಲ್ಲದೇ ಇದ್ದಾಗ ಹೋಗಿ ಕೊಟ್ಟು ಬನ್ನಿ. ಮುಂದಿನ ಸಲ ರಾತ್ರಿ ಹನ್ನೊಂದಕ್ಕೆ ಕೊಪ್ಪಳದಿಂದ ಆಂಬುಲೆನ್ಸ್ ಬಂದಾಗ, ಆ ಮನುಷ್ಯ ದಲಾಲಿಯ ಮುಖ ನೋಡೋದು ಬೇಡ.