ಪಟಿಕ ಹಚ್ಚಿದರೆ ಒಂದೇ ಬ್ಲೇಡ್ ಮನೆಮಂದಿಗೆಲ್ಲ ನಡೆಯುತ್ತದೆಯೇ? ಉರಿಯಿಲ್ಲದೆ ದಾಡಿ ಮಾಡಿಕೊಳ್ಳುವುದು ಹೇಗೆ?

‘ದಾಡಿ ಮಾಡ್ಕೊಂಡ ಮ್ಯಾಲ ತುರಟಿ ತಿಕ್ರಿ, ಯಾವ ರೋಗಾನೂ ಬರಂಗಿಲ್ಲ. ಬ್ಲೇಡ್ ಯಾರದಾದ್ರೂ ನಡೀತದ’ ಎಂಬ ಸಂದೇಶವನ್ನು ಕಲಘಟಗಿಯ ಓದುಗರೊಬ್ಬರು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರ ಮನೆಯಲ್ಲಿ ಅಪ್ಪ ಮತ್ತು ಇಬ್ಬರು ಮಕ್ಕಳು ಒಂದೇ ರೇಜರ್ ಬಳಸುತ್ತಾರಂತೆ. ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ: ಪ್ರತಿ ಸಲ ಕುತ್ತಿಗೆ ಉರಿದು ಕೆಂಪು ಗುಳ್ಳೆ ಏಳುವುದೇಕೆ?

ಮೊದಲ ಪ್ರಶ್ನೆಗೆ ಉತ್ತರ: ಸಂದೇಶ ತಪ್ಪು. ಅದನ್ನು ಮುಂದೆ ಕಳಿಸಬೇಡಿ.

ಪಟಿಕ ಮಾಡುವುದೇನು?

ಪಟಿಕ, ಅಂದರೆ ನಮ್ಮ ಕಡೆ ಕೆಲವರು ಹೇಳುವ ತುರಟಿ, ಪೊಟ್ಯಾಸಿಯಂ ಮತ್ತು ಅಲ್ಯುಮಿನಿಯಂ ಸೇರಿದ ಒಂದು ಲವಣ. ಕೆಸರು ನೀರಿನ ಕೊಡದಲ್ಲಿ ಅಜ್ಜಿ ಅದನ್ನು ತಿರುವಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳ ಸೇರುತ್ತಿದ್ದವು. ಒದ್ದೆ ಚರ್ಮದ ಮೇಲೆ ತಿಕ್ಕಿದಾಗ ಅದು ಮೇಲ್ಪದರದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಚರ್ಮವನ್ನು ಬಿಗಿ ಮಾಡುತ್ತದೆ. ಹಾಗಾಗಿ ಸಣ್ಣ ಗೀರಿನಿಂದ ಬರುವ ರಕ್ತ ನಿಲ್ಲುತ್ತದೆ. ಕೆಲವು ಬ್ಯಾಕ್ಟೀರಿಯಾಗಳನ್ನೂ ಅದು ತಡೆಯುತ್ತದೆ. ಇಷ್ಟು ನಿಜ.

ಆದರೆ ಹೆಪಟೈಟಿಸ್ ಬಿ ವೈರಸ್‌ನ ಮಾತೇ ಬೇರೆ. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿನ ಮೇಲೆ ಒಣಗಿದ್ದರೂ ಅದರಲ್ಲಿ ಈ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು. ಅದೇ ಬ್ಲೇಡಿನಿಂದ ಇನ್ನೊಬ್ಬರ ಕೆನ್ನೆ ಗೀರಿದರೆ, ಪಟಿಕ ಹಚ್ಚುವ ಮೊದಲೇ ವೈರಸ್ ಒಳಗೆ ಹೋಗಿರುತ್ತದೆ. ಹೆಪಟೈಟಿಸ್ ಸಿ ಕೂಡ ರಕ್ತದಿಂದಲೇ ಹರಡುವಂಥದ್ದು. ಎರಡೂ ವರ್ಷಗಟ್ಟಲೆ ಲಕ್ಷಣ ತೋರಿಸದೆ ಯಕೃತ್ತನ್ನು ಹಾಳು ಮಾಡಬಲ್ಲವು. ಸೋಂಕು ಇದ್ದವರಿಗೇ ಅದು ಗೊತ್ತಿರುವುದಿಲ್ಲ, ಹಾಗಿರುವಾಗ ‘ನಮ್ಮ ಮನಿ ಮಂದಿ ಅಲ್ಲೇನ್ರಿ’ ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಬಿ ಗೆ ಲಸಿಕೆ ಇದೆ, ದೊಡ್ಡವರೂ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬಹುದು. ಸಿ ಗೆ ಲಸಿಕೆ ಇಲ್ಲ.

ಸಲೂನಿನಲ್ಲಿ ಕಣ್ಣೆದುರೇ ಹೊಸ ಬ್ಲೇಡ್ ಮುರಿದು ಹಾಕಲು ಹೇಳುವ ನಾವೇ ಮನೆಗೆ ಬಂದು ಅಪ್ಪನ ರೇಜರ್‌ಗೆ ಕೈ ಹಾಕುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ರೇಜರ್ ಇರಲಿ. ಪಟಿಕದ ತುಂಡೂ ಬೇರೆ ಬೇರೆ ಇರಲಿ, ಗೀರಿದ ಗಾಯಕ್ಕೇ ಅದನ್ನು ಒತ್ತುತ್ತೇವಲ್ಲ!

ಹಾಗಾದರೆ ಉರಿ ಏಕೆ?

ಹೆಚ್ಚಿನ ಸಲ ಕಾರಣ ಕ್ರೀಮಿನ ಕಂಪನಿಯಲ್ಲ, ಅವಸರ. ಒಣಗಿದ ಗಡ್ಡದ ಕೂದಲು ಗಟ್ಟಿ, ನೆನೆದರೆ ನೀರು ಹೀರಿ ಮೆತ್ತಗಾಗುತ್ತದೆ. ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಕುತೂಹಲದ ಸಂಗತಿ ಪ್ರಕಟಿಸಿದರು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿದಾಗ ಅಂಚಿನ ದುರ್ಬಲ ಜಾಗದಲ್ಲಿ ಉಕ್ಕೇ ಚೂರುಚೂರಾಗಿ ಕಿತ್ತುಹೋಗುತ್ತದೆ. ಹೀಗೆ ಹಲ್ಲು ಬಿದ್ದ ಬ್ಲೇಡ್ ಕೂದಲನ್ನು ಕತ್ತರಿಸುವ ಬದಲು ಜಗ್ಗುತ್ತದೆ. ಆಗ ನಾವು ಇನ್ನಷ್ಟು ಒತ್ತುತ್ತೇವೆ, ಚರ್ಮ ಕೆರೆದುಹೋಗುತ್ತದೆ.

ಆದ್ದರಿಂದ ಸ್ನಾನದ ಕೊನೆಗೆ ದಾಡಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ಉಪಾಯ. ಅದಾಗದಿದ್ದರೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ವಸ್ತ್ರವನ್ನು ಎರಡು ಮೂರು ನಿಮಿಷ ಗಡ್ಡಕ್ಕೆ ಒತ್ತಿ ಹಿಡಿಯಿರಿ. ಕುದಿಯುವಂಥ ನೀರು ಬೇಡ. ನಂತರ ನೊರೆ ಹಚ್ಚಿ ಬ್ರಷ್ ಅಥವಾ ಬೆರಳಿನಿಂದ ಸುತ್ತಲೂ ತಿಕ್ಕಿ, ಒಂದು ನಿಮಿಷ ಬಿಡಿ. ನೊರೆಯ ಕೆಲಸ ಕೂದಲಿನ ತೇವ ಹಿಡಿದಿಡುವುದು ಮತ್ತು ಬ್ಲೇಡ್ ಜಾರುವಂತೆ ಮಾಡುವುದು. ಮೈಸೋಪಿನ ನೊರೆ ಬೇಗ ಒಣಗುತ್ತದೆ, ಚರ್ಮವನ್ನೂ ಒಣಗಿಸುತ್ತದೆ.

ಕೊಳವೆಬಾವಿ ನೀರಿನವರಿಗೆ ಇನ್ನೊಂದು ಮಾತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗುತ್ತವೆ, ನೊರೆ ಏಳುವುದಿಲ್ಲ. ಮಳೆಗಾಲದಲ್ಲಿ ಹಿಡಿದ ಮಳೆನೀರು ಒಂದು ಲೋಟ ಇದ್ದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಕಾಯಿಸಿ ಆರಿಸಿ, ಮೇಲಿನ ತಿಳಿನೀರನ್ನು ಬಳಸಿದರೂ ಗಡಸುತನ ಒಂದಿಷ್ಟು ಇಳಿಯುತ್ತದೆ.

ಇನ್ನು ದಿಕ್ಕು. ಗಡ್ಡದ ಮೇಲೆ ಬೆರಳಾಡಿಸಿ ನೋಡಿ, ನುಣುಪಾಗಿ ಸರಿದ ಕಡೆಗೇ ಕೂದಲು ಮಲಗಿದೆ ಎಂದರ್ಥ. ಕೆನ್ನೆಯಲ್ಲಿ ಸಾಮಾನ್ಯವಾಗಿ ಅದು ಕೆಳಮುಖ. ಕುತ್ತಿಗೆಯಲ್ಲಿ ಮಾತ್ರ ಅಡ್ಡಡ್ಡ ಇರಬಹುದು, ಮೇಲ್ಮುಖವೂ ಇರಬಹುದು. ಓದುಗರು ಕೇಳಿದ ಗುಳ್ಳೆಗಳ ಗುಟ್ಟು ಬಹುಪಾಲು ಇಲ್ಲೇ ಇದೆ. ಚರ್ಮ ಬಿಗಿ ಎಳೆದು ಎದುರು ದಿಕ್ಕಿನಲ್ಲಿ ಹೆರೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಮರಳಿ ಬೆಳೆಯುವಾಗ ಅದರ ಚೂಪು ತುದಿ ಚರ್ಮವನ್ನೇ ಚುಚ್ಚುತ್ತದೆ. ಗುಂಗುರು ಕೂದಲಿನವರಿಗೆ ಇದು ಹೆಚ್ಚು. ಕೂದಲು ಬೆಳೆದ ದಿಕ್ಕಿನಲ್ಲೇ, ಒತ್ತದೆ, ರೇಜರಿನ ಭಾರಕ್ಕೆ ಬಿಟ್ಟು ಎಳೆಯಿರಿ. ಪ್ರತಿ ಎಳೆತಕ್ಕೂ ಬ್ಲೇಡ್ ತೊಳೆಯಿರಿ. ಮದುವೆಗೆ ಹೊರಟವರಂತೆ ದಿನಾಲೂ ಗಾಜಿನಷ್ಟು ನುಣುಪು ಬೇಕೆಂಬ ಹಟ ಬೇಡ.

ಅಮೆರಿಕದ ಚರ್ಮವೈದ್ಯರ ಅಕಾಡೆಮಿ 5ರಿಂದ 7 ಸಲಕ್ಕೆ ಬ್ಲೇಡ್ ಬದಲಿಸಲು ಹೇಳುತ್ತದೆ. ಜಗ್ಗಲು ಶುರುವಾದರೆ ಅದಕ್ಕೂ ಮೊದಲೇ ಬದಲಿಸಿ.

ಹೆರೆದಷ್ಟೂ ಗಡ್ಡ ದಟ್ಟವಾಗುತ್ತದೆಯೇ?

ಇಲ್ಲ. ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಅಳೆದು ನೋಡಿದ್ದರು. 1970ರಲ್ಲಿ ಐವರು ಯುವಕರ ಒಂದು ಕಾಲನ್ನಷ್ಟೇ ಹಲವು ತಿಂಗಳು ಹೆರೆದು ಇನ್ನೊಂದರ ಜೊತೆ ಹೋಲಿಸಿದಾಗಲೂ ಕೂದಲಿನ ದಪ್ಪದಲ್ಲಾಗಲಿ, ಬೆಳೆಯುವ ವೇಗದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕೂದಲಿನ ಬೇರು ಚರ್ಮದ ಒಳಗಿದೆ, ಬ್ಲೇಡ್ ಅಲ್ಲಿಗೆ ಹೋಗುವುದೇ ಇಲ್ಲ. ಮೊಂಡಾದ ತುದಿ ಕೈಗೆ ಒರಟಾಗಿ ತಾಗುವುದರಿಂದ ದಪ್ಪ ಅನ್ನಿಸುತ್ತದೆ. ಮಕ್ಕಳ ಜಾವಳಕ್ಕೂ ಇದೇ ಲೆಕ್ಕ. ಶಾಸ್ತ್ರಕ್ಕೆ ತೆಗೆಸಿ, ದಟ್ಟ ಕೂದಲಿನ ಆಸೆಗಲ್ಲ.

ಗುಳ್ಳೆ ಎದ್ದ ಮೇಲೆ?

ಕೆಲವು ದಿನ ದಾಡಿ ಬಿಡಿ, ತಣ್ಣೀರಿನ ಬಟ್ಟೆ ಒತ್ತಿ. ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿದರೆ ಉರಿ ಹೆಚ್ಚುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ‘ಎಲ್ಲದಕ್ಕೂ ಒಂದೇ’ ಮುಲಾಮುಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಹಲವದರಲ್ಲಿ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್ ಎಂಬ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಕೆಂಪು ಇಳಿದು ಹಾಯೆನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ, ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಉರಿಯುತ್ತದೆ. ಗುಳ್ಳೆಯಲ್ಲಿ ಕೀವು ಬಂದರೆ, ಉಂಗುರದಂತೆ ಹರಡಿದರೆ, ಅಥವಾ ಸಕ್ಕರೆ ಕಾಯಿಲೆ ಇದ್ದವರ ಗಾಯ ಮಾಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಹಳೆಯ ಬ್ಲೇಡನ್ನು ತಿಪ್ಪೆಗೆ ಎಸೆಯಬೇಡಿ. ಗೊಬ್ಬರದ ಜೊತೆ ಅದು ಹೊಲಕ್ಕೆ ಹೋಗಿ ಯಾರದೋ ಅಂಗಾಲು ಸೀಳುತ್ತದೆ, ಮೇವಿನಲ್ಲಿ ಸೇರಿದರೆ ಎತ್ತಿನ ಹೊಟ್ಟೆ. ಖಾಲಿ ಪೌಡರ್ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊಯ್ದು ಅದರಲ್ಲಿ ಹಾಕುತ್ತಾ ಹೋಗಿ. ಡಬ್ಬಿ ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಮೇಲೆ ಬರೆದು ಕಸದ ಗಾಡಿಯವರಿಗೆ ಕೊಡಿ.