ಗಾಯನಾಚಾರ್ಯನ ಕನ್ನಡಿ

ಮನುಷ್ಯದೇಹದಲ್ಲಿ ವೈದ್ಯನ ಕಣ್ಣಿಗೆ ಬಹುಕಾಲ ಮರೆಯಾಗಿಯೇ ಉಳಿದ ಅಂಗಗಳಲ್ಲಿ ಧ್ವನಿಪೆಟ್ಟಿಗೆಯೂ ಒಂದು. ಅದು ಅಷ್ಟೇನೂ ಆಳದಲ್ಲಿಲ್ಲ. ಕೊರಳಿನ ಮುಂಭಾಗದಲ್ಲಿ, ಬೆರಳಿಟ್ಟರೆ ತಾಗುವಷ್ಟು ಸಮೀಪದಲ್ಲಿ, ನುಂಗುವಾಗ ಮೇಲೆ ಕೆಳಗೆ ಸರಿಯುವುದು ಎದುರಿಗೆ ಕುಳಿತವರಿಗೂ ಕಾಣುವಂತೆ ಇದೆ. ಆದರೆ ಬಾಯಿಂದ ಅದರೊಳಕ್ಕೆ ನೇರವಾದ ಹಾದಿಯಿಲ್ಲ. ನಾಲಗೆಯ ಬುಡವನ್ನು ದಾಟಿದೊಡನೆ ದಾರಿ ಕೆಳಮುಖವಾಗಿ ತಿರುಗುತ್ತದೆ. ಆ ತಿರುವಿನಲ್ಲಿ ಬೆಳಕೂ ನಿಂತುಹೋಗುತ್ತದೆ, ದೃಷ್ಟಿಯೂ ನಿಂತುಹೋಗುತ್ತದೆ. ಸಲಾಕೆಯನ್ನೋ ನಳಿಗೆಯನ್ನೋ ತೂರಿಸಹೋದರೆ ಗಂಟಲು ವಾಕರಿಸಿ ಅದನ್ನು ಹೊರದೂಡುತ್ತದೆ.

ಆದುದರಿಂದ ಸಹಸ್ರಾರು ವರ್ಷ ವೈದ್ಯರು ಕಂಠರೋಗಗಳನ್ನು ಕಿವಿಯಿಂದಲೇ ನಿರ್ಣಯಿಸುತ್ತಿದ್ದರು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ವರಭೇದಕ್ಕೆಂದೇ ಒಂದು ಅಧ್ಯಾಯವುಂಟು. ವಾತ, ಪಿತ್ತ, ಕಫಗಳು ಒಂದೊಂದಾಗಿಯೂ ಒಟ್ಟಾಗಿಯೂ ಕೆರಳುವುದರಿಂದ, ಧಾತುಕ್ಷಯದಿಂದ, ಮೇದಸ್ಸಿನಿಂದ ಎಂದು ಆರು ಬಗೆಯಾಗಿ ಅದನ್ನು ವಿಂಗಡಿಸಿದೆ. ಒಡೆದ ಸ್ವರ ಯಾವುದು, ಕಟ್ಟಿದ ಸ್ವರ ಯಾವುದು ಎಂಬ ವಿವೇಚನೆ ಆ ವೈದ್ಯರಿಗೆ ಸೂಕ್ಷ್ಮವಾಗಿಯೇ ಇದ್ದಿತು. ಇಲ್ಲದ್ದು ಜೀವಂತ ಕಂಠದ ದರ್ಶನ ಮಾತ್ರ. ಯೂರೋಪಿನ ಶರೀರಶಾಸ್ತ್ರಜ್ಞರೂ ಬಹುಕಾಲ ಶವದಲ್ಲಿ ಕಂಡುದರಿಂದಲೇ ತೃಪ್ತಿಪಡಬೇಕಾಗಿದ್ದಿತು. 1741ರಲ್ಲಿ ಪ್ಯಾರಿಸ್ಸಿನ ಫೆರೈನ್ ಎಂಬುವನು ಶವದ ಧ್ವನಿಪೆಟ್ಟಿಗೆಯೊಳಕ್ಕೆ ಗಾಳಿಯೂದಿ ಅದರಿಂದ ಸ್ವರ ಹೊರಡಿಸಿ, ಒಳಗಿನ ಎರಡು ಅಂಚುಗಳು ವೀಣೆಯ ತಂತಿಗಳಂತೆ ಮಿಡಿಯುವುವೆಂದು ಭಾವಿಸಿ, ಅವುಗಳಿಗೆ ಧ್ವನಿತಂತುಗಳೆಂದು ಹೆಸರಿಟ್ಟನು. ಅವು ತಂತಿಗಳಲ್ಲ, ಮೃದುವಾದ ಪೊರೆ ಹೊದ್ದ ಮಡಿಕೆಗಳು. ಹೆಸರು ಮಾತ್ರ ಇಂದಿಗೂ ಬಿಟ್ಟುಹೋಗಿಲ್ಲ.

ಜೀವಂತ ಕಂಠದೊಳಕ್ಕೆ ಬೆಳಕು ಹಾಯಿಸುವ ಪ್ರಯತ್ನಗಳು ನಡೆಯದೆ ಇರಲಿಲ್ಲ. ಫ್ರಾಂಕ್‌ಫರ್ಟ್ ನಗರದ ಬೊಟ್ಸೀನಿ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಮೇಣದ ಬತ್ತಿಯನ್ನೂ ಕನ್ನಡಿಯನ್ನೂ ಒಳಗೊಂಡ ಒಂದು ಯಂತ್ರವನ್ನು ರಚಿಸಿ, 1807ರಲ್ಲಿ ಅದರ ವಿವರವನ್ನು ಅಚ್ಚು ಹಾಕಿಸಿದನು. ವಿಯೆನ್ನಾದ ಪಂಡಿತರು ಅದನ್ನು ಕುತೂಹಲದ ಆಟಿಕೆಯೆಂದು ಬಗೆದು ಬದಿಗೊತ್ತಿದರು. 1829ರಲ್ಲಿ ಲಂಡನ್ನಿನ ಬ್ಯಾಬಿಂಗ್ಟನ್ ಎಂಬ ವೈದ್ಯನು ನಾಲಗೆಯನ್ನೊತ್ತುವ ಪಟ್ಟಿಗೆ ಕನ್ನಡಿಯೊಂದನ್ನು ಜೋಡಿಸಿದ ಉಪಕರಣವನ್ನು ತೋರಿಸಿದನು. ಯುಕ್ತಿಯೇನೋ ಸರಿಯಾಗಿಯೇ ಇದ್ದಿತು. ಆದರೆ ಕನ್ನಡಿ ಒಳಹೊಕ್ಕ ಕ್ಷಣಕ್ಕೇ ರೋಗಿ ಕೆಮ್ಮಿ, ಉಗುಳಿ, ಮುಖ ತಿರುಗಿಸಿಬಿಡುತ್ತಿದ್ದನು. ಆಗ ಬೇಕಾಗಿದ್ದುದು ಇನ್ನೂ ಜಾಣ್ಮೆಯ ಉಪಕರಣವಲ್ಲ. ಹೇಳಿದ ಹಾಗೆ ಕೇಳುವ ಒಂದು ಗಂಟಲು. ಅಂತಹ ಗಂಟಲು ವೈದ್ಯರ ಬಳಿಗೆ ಬರುವ ರೋಗಿಗಳಲ್ಲಿರಲಿಲ್ಲ. ಅದು ಒಬ್ಬ ಹಾಡುಗಾರನಲ್ಲಿತ್ತು.

ಮಾನ್ಯುಯೆಲ್ ಗಾರ್ಸಿಯಾ 1805ರಲ್ಲಿ ಸ್ಪೇನ್ ದೇಶದಲ್ಲಿ ಹುಟ್ಟಿದವನು. ತಂದೆಯ ಹೆಸರೂ ಮಾನ್ಯುಯೆಲ್ ಗಾರ್ಸಿಯಾ ಎಂದೇ; ಯೂರೋಪಿನಲ್ಲೆಲ್ಲ ಹೆಸರಾದ ಗಾಯಕ, ರೊಸೀನಿಯ ‘ಸೆವಿಲ್ಲಿನ ಕ್ಷೌರಿಕ’ 1816ರಲ್ಲಿ ಮೊದಲು ರಂಗವೇರಿದಾಗ ನಾಯಕಪಾತ್ರವನ್ನು ಧರಿಸಿದ್ದವನು. ತಂಗಿಯರಿಬ್ಬರಲ್ಲಿ ಮರಿಯಾ ಮಾಲಿಬ್ರಾನ್ ಆ ಕಾಲದ ರಂಗಭೂಮಿಯ ರಾಣಿಯೆನಿಸಿದಳು. ಪೊಲೀನ್ ವಿಯಾರ್ಡೊ ಕೀರ್ತಿಯಲ್ಲಿ ಅಕ್ಕನಿಗೆ ಹೆಚ್ಚೇನೂ ಕಡಮೆಯಾಗಲಿಲ್ಲ. ಇಂತಹ ಮನೆಯಲ್ಲಿ ಹುಟ್ಟಿದ ಮಗನೂ ಹಾಡಲೇಬೇಕೆಂಬುದು ತಂದೆಯ ಹಠ. 1825ರಲ್ಲಿ ಇಡೀ ಕುಟುಂಬ ನ್ಯೂಯಾರ್ಕಿಗೆ ಹೋಗಿ ಆ ಊರಿಗೆ ಇಟಲಿಯ ಗೇಯನಾಟಕದ ಪರಿಚಯ ಮಾಡಿಕೊಟ್ಟಿತು. ಇಪ್ಪತ್ತು ವರ್ಷದ ಮಾನ್ಯುಯೆಲನೂ ದಿನದಿನ ರಂಗವೇರಿ ಹಾಡಿದನು. ಎಳೆಯ ಕಂಠಕ್ಕೆ ಆ ದುಡಿಮೆ ತಾಳಲಿಲ್ಲ. ಕೆಲವು ವರ್ಷಗಳಲ್ಲಿಯೇ ಅವನು ರಂಗಭೂಮಿಗೆ ಶರಣು ಹೊಡೆದನು. ಹಾಡಲಾರದವನು ಹಾಡಿಸುವವನಾಗುವುದು ಲೋಕದಲ್ಲಿ ಅಪೂರ್ವವೇನಲ್ಲ. ಗಾರ್ಸಿಯಾನಲ್ಲಿದ್ದ ಅಪೂರ್ವ ಗುಣವೆಂದರೆ, ತನ್ನ ಸ್ವರ ಏತಕ್ಕೆ ಕೆಟ್ಟಿತೆಂಬುದನ್ನು ತಿಳಿಯದೆ ಬಿಡಲಾರೆನೆಂಬ ಛಲ. ಅವನು ಪ್ಯಾರಿಸ್ಸಿನ ಸೈನಿಕ ಆಸ್ಪತ್ರೆಗಳನ್ನು ಸೇರಿ ಶರೀರಶಾಸ್ತ್ರವನ್ನು ಅಭ್ಯಾಸ ಮಾಡಿದನು. ಕೋಳಿ, ಕುರಿ, ದನಗಳ ಕಂಠನಾಳಗಳನ್ನು ಮನೆಗೆ ತಂದು ತಿದಿಯಿಂದ ಗಾಳಿಯೂದಿ ಅವುಗಳ ಕೂಗನ್ನು ಪರೀಕ್ಷಿಸುತ್ತಿದ್ದನೆಂದು ಅವನ ಚರಿತ್ರಕಾರರು ಹೇಳುತ್ತಾರೆ; ನೆರೆಮನೆಯವರ ಪಾಡನ್ನು ಅವರು ಬರೆದಿಲ್ಲ. 1840ರಲ್ಲಿ ಮಾನವಧ್ವನಿಯ ವಿಷಯವಾಗಿ ಪ್ರಬಂಧವೊಂದನ್ನು ಬರೆದು ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದನು.

ಮರುವರ್ಷ ಸ್ವೀಡನ್ನಿನಿಂದ ತರುಣಿಯೊಬ್ಬಳು ಅವನಲ್ಲಿಗೆ ಬಂದಳು. ಅತಿಯಾಗಿ ಹಾಡಿ ಸ್ವರ ಒಡೆದುಹೋಗಿತ್ತು. ಗಾರ್ಸಿಯಾ ಅವಳಿಗೆ ಕಷಾಯವನ್ನಾಗಲಿ ಲೇಹ್ಯವನ್ನಾಗಲಿ ಕೊಡಲಿಲ್ಲ. ಕೆಲವು ವಾರ ಹಾಡಕೂಡದು, ಮಾತೂ ಆದಷ್ಟು ಕಡಮೆಯಿರಬೇಕು ಎಂದು ವಿಧಿಸಿದನು. ಆ ಅವಧಿ ಕಳೆದ ಮೇಲೆ ಪಾಠ ಪ್ರಾರಂಭವಾಯಿತು. ಜೆನ್ನಿ ಲಿಂಡ್ ಎಂಬ ಆ ಶಿಷ್ಯೆಯ ಕಂಠವನ್ನು ಆಮೇಲೆ ಯೂರೋಪೂ ಅಮೆರಿಕವೂ ಮುಗಿಬಿದ್ದು ಕೇಳಿದುವು. ಇಂದಿನ ಕಂಠವೈದ್ಯನು ಧ್ವನಿತಂತುಗಳ ಮೇಲೆ ಎದ್ದ ಗಂಟುಗಳಿಗೆ ಮೊದಲು ವಿಧಿಸುವುದೂ ಈ ಧ್ವನಿಸಂಯಮವನ್ನೇ. ಗಾರ್ಸಿಯಾ ಅದನ್ನು ವಿಧಿಸಿದಾಗ ಒಳಗೆ ಗಂಟಿತ್ತೋ ಇಲ್ಲವೋ ಕಂಡವರಿಲ್ಲ, ಕಾಣುವ ಉಪಾಯವೂ ಇರಲಿಲ್ಲ. ಕಿವಿ ಹೇಳಿದ್ದನ್ನು ನಂಬಿ ನಡೆದನು.

ಆ ಉಪಾಯ ಹೊಳೆದದ್ದು 1854ರ ಸೆಪ್ಟೆಂಬರಿನಲ್ಲಿ. ಆ ವೇಳೆಗೆ ಅವನು ಲಂಡನ್ನಿನಲ್ಲಿ ನೆಲಸಿದ್ದನು; ರಜೆಗೆ ಪ್ಯಾರಿಸ್ಸಿಗೆ ಬಂದವನು ಪಾಲೆ ರಾಯಲ್ ಉದ್ಯಾನದಲ್ಲಿ ತಿರುಗಾಡುತ್ತಿದ್ದಾಗ, ಬಿಸಿಲಿನಲ್ಲಿ ಎರಡು ಕನ್ನಡಿಗಳು ಒಂದಕ್ಕೊಂದು ಬೆಳಕು ಕೊಡುವ ಚಿತ್ರ ಅವನ ಮನಸ್ಸಿನೆದುರಿಗೆ ಮಿಂಚಿತು. ನೇರವಾಗಿ ಶಾರಿಯೇರ್ ಎಂಬ ಶಸ್ತ್ರೋಪಕರಣಗಳ ವ್ಯಾಪಾರಿಯ ಅಂಗಡಿಗೆ ಹೋಗಿ, ಉದ್ದ ಹಿಡಿಯ ಸಣ್ಣ ಕನ್ನಡಿ ಉಂಟೇ ಎಂದು ಕೇಳಿದನು. ದಂತವೈದ್ಯರಿಗಾಗಿ ಮಾಡಿ, 1851ರ ಲಂಡನ್ ಮಹಾಪ್ರದರ್ಶನಕ್ಕೆ ಕಳುಹಿಸಿ, ಅಲ್ಲಿ ಯಾರಿಗೂ ಬೇಡವಾಗಿ ಹಿಂದಿರುಗಿದ್ದ ಒಂದು ಕನ್ನಡಿ ಅಲ್ಲಿದ್ದಿತು. ಆರು ಫ್ರಾಂಕ್ ಕೊಟ್ಟು ಅದನ್ನು ಕೊಂಡು, ಜೊತೆಗೆ ಒಂದು ಕೈಗನ್ನಡಿಯನ್ನೂ ತೆಗೆದುಕೊಂಡು ಮನೆಗೆ ಓಡಿದನು. ಸಣ್ಣ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ, ಉಸಿರಿನ ಆವಿ ಕೂಡದಂತೆ ಬೆಚ್ಚಗೆ ಮಾಡಿ, ಒರಸಿ, ಬಾಯೊಳಗೆ ಹಿಂದಕ್ಕೆ ಕಿರುನಾಲಿಗೆಯ ಬಳಿ ಇಟ್ಟನು; ಕೈಗನ್ನಡಿಯಿಂದ ಸೂರ್ಯನ ಕಿರಣವನ್ನು ಅದರ ಮೇಲೆ ಬೀಳಿಸಿದನು. ಬಾಗಿದ ಹಾದಿಯಲ್ಲಿ ಬೆಳಕೂ ಬಾಗಿ ಇಳಿಯಿತು. ಯಾವ ಮಾನವನೂ ಸ್ಪಷ್ಟವಾಗಿ ಕಾಣದಿದ್ದ ದೃಶ್ಯ, ತನ್ನದೇ ಕಂಠದ್ವಾರ, ತೆರೆದು ನಿಂತಂತೆ ಅವನಿಗೆ ಕಾಣಿಸಿತು. ಉಸಿರೆಳೆದಾಗ ಅದು ತ್ರಿಕೋಣಾಕಾರವಾಗಿ ಅಗಲವಾಗುತ್ತಿದ್ದಿತು. ಸ್ವರವೆತ್ತಿದಾಗ ಎರಡು ಬಿಳಿಯ ಅಂಚುಗಳು ನಡುವೆ ಬಂದು ಒಂದನ್ನೊಂದು ಕೂಡುತ್ತಿದ್ದುವು.

ಗಾರ್ಸಿಯಾ ಅಲ್ಲಿ ಹುಡುಕಿದ್ದು ರೋಗವನ್ನಲ್ಲ, ಸ್ವರವನ್ನು. ಮಂದ್ರದಲ್ಲಿ ಏನಾಗುತ್ತದೆ, ತಾರಕ್ಕೇರುವಾಗ ಏನಾಗುತ್ತದೆ ಎಂಬುದನ್ನು ತನ್ನ ಗಂಟಲಲ್ಲಿಯೇ ನೋಡಿ ಬರೆದುಕೊಂಡನು. ರೋಗಿಯೂ ತಾನೇ, ವೈದ್ಯನೂ ತಾನೇ ಆದುದರಿಂದ ವಾಕರಿಕೆಯ ತೊಡಕು ಅವನಿಗೆ ಬಹುಮಟ್ಟಿಗೆ ಇರಲಿಲ್ಲ. ನಾಲಗೆ, ಉಸಿರು, ಗಂಟಲುಗಳನ್ನು ದಶಕಗಳಿಂದ ಪಳಗಿಸಿದ ವೃತ್ತಿ ಅವನದು. 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವನ ಪ್ರಬಂಧ ಬಂದಿತು. ವೈದ್ಯರು ಅದನ್ನು ಹೆಚ್ಚಾಗಿ ಲಕ್ಷಿಸಲಿಲ್ಲ; ಸಂಗೀತದ ಮೇಷ್ಟರು ಹೇಳಿದ್ದನ್ನು ಕೇಳಿ ಶಾಸ್ತ್ರ ಕಲಿಯುವ ವಾಡಿಕೆ ಆ ವೃತ್ತಿಯಲ್ಲಿರಲಿಲ್ಲ. ಕಡೆಗೆ ಆ ಋಣವನ್ನು ಅವರು ಧಾರಾಳವಾಗಿಯೇ ತೀರಿಸಿದರೆನ್ನಬೇಕು. 1862ರಲ್ಲಿ ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯ ಅವನಿಗೆ ಗೌರವ ವೈದ್ಯಪದವಿಯನ್ನಿತ್ತಿತು. 1905ರ ಮಾರ್ಚಿಯಲ್ಲಿ ಅವನಿಗೆ ನೂರು ತುಂಬಿದಾಗ ನಾನಾ ದೇಶಗಳ ಕಂಠವೈದ್ಯರು ಲಂಡನ್ನಿನಲ್ಲಿ ನೆರೆದು ಗೌರವಿಸಿದರು. ಚಿತ್ರಕಾರ ಸಾರ್ಜೆಂಟ್ ರಚಿಸಿದ ಭಾವಚಿತ್ರವನ್ನು ಅವನಿಗೆ ಅರ್ಪಿಸಿದರು. ನೂರೊಂದನೆಯ ವಯಸ್ಸಿನಲ್ಲಿ, 1906ರಲ್ಲಿ, ಗಾರ್ಸಿಯಾ ತೀರಿಕೊಂಡನು.

ಕನ್ನಡಿ ಆಸ್ಪತ್ರೆಯನ್ನು ಹೊಕ್ಕದ್ದು ವಿಯೆನ್ನಾದಲ್ಲಿ. ಅಲ್ಲಿನ ನರರೋಗತಜ್ಞ ಲುಡ್‌ವಿಗ್ ಟ್ಯುರ್ಕ್ 1857ರ ಬೇಸಗೆಯಲ್ಲಿ ಇಂತಹದೇ ಕನ್ನಡಿಗಳಿಂದ ರೋಗಿಗಳನ್ನು ಪರೀಕ್ಷಿಸತೊಡಗಿದನು. ಬಿಸಿಲನ್ನೇ ನಂಬಿದ್ದುದರಿಂದ ಮೋಡದ ದಿನಗಳು ಬಂದೊಡನೆ ಅವನ್ನು ಎತ್ತಿಟ್ಟನು. ಆ ಚಳಿಗಾಲದಲ್ಲಿ ಚೆರ್ಮಾಕ್ ಎಂಬ ಶರೀರಕ್ರಿಯಾಶಾಸ್ತ್ರಜ್ಞನು ಅವನ್ನು ಕಡವಾಗಿ ಪಡೆದು, ನೇತ್ರವೈದ್ಯರು ಬಳಸುತ್ತಿದ್ದ ನಡುವೆ ರಂಧ್ರವುಳ್ಳ ನಿಮ್ನದರ್ಪಣದಿಂದ ದೀಪದ ಬೆಳಕನ್ನೇ ಗಂಟಲಿಗೆ ಹಾಯಿಸಿದನು. ಸೂರ್ಯನ ಹಂಗು ಹರಿಯಿತು. 1858ರಲ್ಲಿ ಚೆರ್ಮಾಕ್ ಮೊದಲು ಪ್ರಕಟಿಸಿದನು, ಟ್ಯುರ್ಕ್ ಸಿಟ್ಟಾದನು, ಮೊದಲಿಗನಾರೆಂಬ ಜಗಳವನ್ನು ಕೌತುಕಪ್ರಿಯರು ಟರ್ಕಿಯ ಯುದ್ಧವೆಂದು ಹಾಸ್ಯವಾಡಿದರು. ಚೆರ್ಮಾಕ್ ಊರೂರಿಗೆ ಹೋಗಿ ತನ್ನ ಗಂಟಲನ್ನೇ ತೆರೆದು ತೋರಿಸಿ, ನೂರಾರು ವೈದ್ಯರಿಗೆ ಈ ವಿದ್ಯೆಯ ರುಚಿ ಹತ್ತಿಸಿದನು. ಅವರಲ್ಲೊಬ್ಬನು ಲಂಡನ್ನಿನ ಮೊರೆಲ್ ಮೆಕೆಂಜಿ. 1863ರಲ್ಲಿ ಕಂಠರೋಗಗಳಿಗೆಂದೇ ಅಲ್ಲಿ ಆಸ್ಪತ್ರೆಯೊಂದನ್ನು ತೆರೆದವನು.

ನೋಡಿದ್ದನ್ನು ಮುಟ್ಟಬೇಕಾದಾಗ ಪುನಃ ಹಳೆಯ ತೊಡಕೇ ಎದುರಾಯಿತು. 1861ರಲ್ಲಿ ಟ್ಯೂಬಿಂಗೆನ್ನಿನ ಶಸ್ತ್ರವೈದ್ಯ ಬ್ರೂನ್ಸ್, ತನ್ನ ಸಹೋದರನ ಧ್ವನಿಪೆಟ್ಟಿಗೆಯೊಳಗಿನ ಗಡ್ಡೆಯನ್ನು ಕನ್ನಡಿಯಲ್ಲಿ ನೋಡುತ್ತ ಬಾಯಿಯ ಮಾರ್ಗವಾಗಿಯೇ ತೆಗೆದನು. ಅದಕ್ಕೆ ಮೊದಲು ಬಹುದಿನ ಆ ಗಂಟಲನ್ನು ಉಪಕರಣದ ಸ್ಪರ್ಶಕ್ಕೆ ಒಗ್ಗಿಸಬೇಕಾಯಿತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ದ್ರಾವಣದ ಹನಿಯಿಂದ ಕಣ್ಣು ಜೋಮುಗಟ್ಟುವುದನ್ನು ತೋರಿಸಿದನು. ಅದೇ ವರ್ಷ ಯೆಲಿನೆಕ್ ಎಂಬ ವೈದ್ಯನು ಅದನ್ನು ಗಂಟಲಿಗೆ ಸವರಿದನು. ವಾರಗಳ ಅಭ್ಯಾಸವನ್ನು ಕೆಲವು ನಿಮಿಷಗಳ ಲೇಪ ಸಾಧಿಸಿಕೊಟ್ಟಿತು.

ಕಾಣುವುದು ಕೈಗೆ ಬಂದಿತು. ಕಂಡುದನ್ನು ಸರಿಯಾಗಿ ಓದುವುದು ಬಂದಿರಲಿಲ್ಲ. ಅದನ್ನು ಜಗತ್ತಿಗೆ ಬಯಲುಮಾಡಿದುದು ಒಂದು ಅರಮನೆಯ ಕಥೆ. 1887ರ ಜನವರಿಯಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್‌ನ ಸ್ವರ ಕಟ್ಟಿತು. ಶೀತವಾಗಿದೆಯೆಂದು ಮೊದಲು ಎಣಿಸಿದರು. ಮಾರ್ಚಿಯಲ್ಲಿ ಗೆರ್‌ಹಾರ್ಟ್ ಎಂಬ ಪ್ರಾಧ್ಯಾಪಕನು ಎಡ ಧ್ವನಿತಂತುವಿನ ಅಂಚಿನಲ್ಲಿ ಚಿಕ್ಕದೊಂದು ಬೆಳವಣಿಗೆಯನ್ನು ಕಂಡು, ವಿದ್ಯುತ್ತಿನಿಂದ ಕಾಯಿಸಿದ ತಂತಿಯಿಂದ ಅದನ್ನು ದಿನದಿನ ಸುಟ್ಟನು. ಅದು ಮತ್ತೆ ಬೆಳೆಯಿತು. ಆ ತಂತುವಿನ ಚಲನೆಯೂ ಮಂದವಾದಂತೆ ಅವನಿಗೆ ತೋರಿತು. ಬರ್ಲಿನ್ನಿನ ಬೆರ್ಗ್‌ಮನ್, ಇದು ಅರ್ಬುದವೇ, ಹೊರಗಿನಿಂದ ಕೊರಳನ್ನು ಸೀಳಿ ತೆಗೆಯಬೇಕು ಎಂದನು. ಮೇ ತಿಂಗಳಿನಲ್ಲಿ ಮೆಕೆಂಜಿಯನ್ನು ಕರೆಸಿದರು. ಅವನು ಒಳಗಿನಿಂದ ಒಂದು ಚೂರನ್ನು ಕತ್ತರಿಸಿ, ಅಂದಿನ ರೋಗಶಾಸ್ತ್ರಜ್ಞರಲ್ಲಿ ಅಗ್ರಗಣ್ಯನಾದ ವಿರ್ಕೋವ್‌ನಿಗೆ ಕಳುಹಿಸಿದನು. ಸೂಕ್ಷ್ಮದರ್ಶಕದಲ್ಲಿ ಅರ್ಬುದದ ಕುರುಹು ಸಿಕ್ಕಲಿಲ್ಲ. ಶಸ್ತ್ರಕ್ರಿಯೆ ನಿಂತಿತು. ನವೆಂಬರಿನಲ್ಲಿ ಇಟಲಿಯ ಸಾನ್ ರೇಮೊದಲ್ಲಿ ಮೆಕೆಂಜಿಯೇ ಅದು ಅರ್ಬುದವೆಂದು ಒಪ್ಪಬೇಕಾಯಿತು. ಬಿಲ್‌ರೋತ್ ಎಂಬ ಶಸ್ತ್ರವೈದ್ಯನು ವಿಯೆನ್ನಾದಲ್ಲಿ 1873ರ ಕಡೆಯ ದಿನ ಅರ್ಬುದಕ್ಕಾಗಿ ಇಡೀ ಧ್ವನಿಪೆಟ್ಟಿಗೆಯನ್ನೇ ಮೊದಲ ಬಾರಿಗೆ ಕಿತ್ತಿದ್ದನು. ಫ್ರೆಡರಿಕ್ ಆ ಶಸ್ತ್ರಕ್ರಿಯೆ ಬೇಡವೆಂದನು. 1888ರ ಫೆಬ್ರವರಿ 9ರಂದು ಉಸಿರಾಟಕ್ಕಾಗಿ ಶ್ವಾಸನಾಳವನ್ನು ತೆರೆದು ನಳಿಗೆಯನ್ನಿಟ್ಟರು. ಮಾರ್ಚ್ 9ರಂದು ತಂದೆ ತೀರಿಕೊಳ್ಳಲು, ಚೀಟಿಗಳ ಮೇಲೆ ಬರೆದು ಮಾತಾಡುವ ಚಕ್ರವರ್ತಿ ಪಟ್ಟಕ್ಕೆ ಬಂದನು. ತೊಂಬತ್ತೊಂಬತ್ತು ದಿನ ಆಳಿ ಜೂನ್ 15ರಂದು ಅಸುನೀಗಿದನು.

ಮುಂದೆ ನಡೆದುದು ವೈದ್ಯರ ಕಾಳಗ. ಜರ್ಮನರು ವರದಿಯೊಂದನ್ನು ಪ್ರಕಟಿಸಿದರು. ಮೆಕೆಂಜಿ ಒಂದು ಪುಸ್ತಕವನ್ನೇ ಬರೆದು ರೋಗಿಯ ಗುಟ್ಟನ್ನೂ ಎದುರಾಳಿಗಳ ಲೋಪವನ್ನೂ ಬೀದಿಗಿಟ್ಟನು. ಲಂಡನ್ನಿನ ಶಸ್ತ್ರವೈದ್ಯರ ಕಾಲೇಜು ಅವನನ್ನು ಖಂಡಿಸಿತು. ಫ್ರೆಡರಿಕ್ ಬದುಕಿದ್ದರೆ ಯೂರೋಪು ಬೇರೆ ದಾರಿ ಹಿಡಿಯುತ್ತಿತ್ತೆಂದು ಇತಿಹಾಸಕಾರರು ಊಹಿಸುವುದುಂಟು. ಒಂದು ಮಡಿಕೆಯ ಮೇಲೆ ಇಷ್ಟು ಭಾರ ಹೇರುವುದು ನನಗೆ ಒಪ್ಪಿಗೆಯಿಲ್ಲ. ವಿರ್ಕೋವ್ ನೋಡಿದ ಚೂರಿನಲ್ಲಿ ಅರ್ಬುದ ಕಾಣಲಿಲ್ಲವೆಂಬುದು ನಿಜವೇ. ಚೂರಿನಲ್ಲಿ ಇಲ್ಲದ್ದು ತಂತುವಿನಲ್ಲಿಯೂ ಇಲ್ಲವೆಂದು ಬಗೆದುದರಲ್ಲಿ ತೊಡಕಿದ್ದಿತು. ಅಲ್ಪವಾದ ಚೂರು ಆಳದಲ್ಲಿರುವುದರ ಸುದ್ದಿ ಹೇಳದೆ ಹೋಗಬಹುದು. ಮಂದವಾದ ಚಲನೆಯೇ ಆ ಸುದ್ದಿಯನ್ನು ಮೊದಲು ಹೇಳಿತ್ತು.

ಚಲನೆಯನ್ನು ಓದುವ ವಿದ್ಯೆಗೆ ಕನ್ನಡಿಯೊಂದೇ ಸಾಲದು. ಪುರುಷನು ಸಹಜವಾಗಿ ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಸ್ತ್ರೀಯಾದರೆ ಇನ್ನೂರರ ಸುಮಾರಿಗೆ ಕಂಪಿಸುತ್ತವೆ; ಗಾರ್ಸಿಯಾನ ಕನ್ನಡಿಯಲ್ಲಿ ಅದು ಮಸುಕಾದ ಅಂಚಾಗಿ ಮಾತ್ರ ಕಾಣುತ್ತಿದ್ದಿತು. ಫ್ರೆಡರಿಕ್‌ನ ಸ್ವರ ಕೆಡುವುದಕ್ಕೆ ಒಂಬತ್ತು ವರ್ಷ ಮುಂಚೆ, 1878ರಲ್ಲಿ, ಮ್ಯೂನಿಕ್‌ನ ಎರ್ಟೆಲ್ ಎಂಬ ವೈದ್ಯನು, ರಂಧ್ರಗಳುಳ್ಳ ತಿರುಗುವ ಚಕ್ರದಿಂದ ಬೆಳಕನ್ನು ಕಡಿಕಡಿದು ಬಿಟ್ಟು, ಸ್ವರದ ಕಂಪನಕ್ಕೆ ಆ ವೇಗವನ್ನು ಸರಿಹೊಂದಿಸಿ, ತಂತುಗಳು ನಿಧಾನವಾಗಿ ಅಲೆಯುವಂತೆ ತೋರಿಸುವ ಕ್ರಮವನ್ನು ಬಣ್ಣಿಸಿದ್ದನು. ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1895ರಲ್ಲಿ ಬರ್ಲಿನ್ನಿನ ಕಿರ್‌ಸ್ಟೈನ್ ಕನ್ನಡಿಯನ್ನೇ ಬಿಟ್ಟು, ನಾಲಗೆಯನ್ನು ಮುಂದಕ್ಕೊತ್ತಿ ವಿದ್ಯುದ್ದೀಪದ ಸಹಾಯದಿಂದ ನೇರವಾಗಿ ಒಳಗೆ ನೋಡಿದನು. ಇಂದು ಅರಿವಳಿಕೆ ಕೊಡುವವರು ಶ್ವಾಸನಾಳದೊಳಕ್ಕೆ ಕೊಳವೆ ಇಳಿಸುವಾಗ ಹಿಡಿಯುವ ಉಪಕರಣ ಅದರ ಸಂತತಿಯೇ. ಎರ್ಟೆಲ್‌ನ ಚಕ್ರದ ಎಡೆಯಲ್ಲಿ ಈಗ ಮಿಣುಕುವ ದೀಪ ಬಂದಿದೆ. ಕಂಠವೈದ್ಯನು ರೋಗಿಯಿಂದ ‘ಈ’ಕಾರವನ್ನು ಎಳೆದು ಹೇಳಿಸುತ್ತ, ಪೊರೆಯ ಮೇಲೆ ಹರಿಯುವ ಅಲೆಯನ್ನು ಅದರ ಬೆಳಕಿನಲ್ಲಿ ನೋಡುತ್ತಾನೆ, ಅಲೆ ಎಲ್ಲಿಯಾದರೂ ತಡೆದು ನಿಂತಿತೆಂದರೆ, ಆ ಎಡೆಯಿಂದಲೇ ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾನೆ.