ಸಾವಿನ ಮನೆಯ ಮಾತು, ಪೊಲೀಸರ ದನಿ

ಬ್ರಿಟನ್ನಿನಲ್ಲಿ ಕೊಲೆ ಮೊಕದ್ದಮೆಯ ತೀರ್ಪು ಬಂದ ದಿನ ನ್ಯಾಯಾಲಯದ ಹೊರಗೆ ಒಂದು ದೃಶ್ಯ ಆಗಾಗ ಕಾಣಸಿಗುತ್ತದೆ. ತನಿಖೆ ನಡೆಸಿದ ಪೊಲೀಸ್ ಅಧಿಕಾರಿ ಕಾಗದವೊಂದನ್ನು ತೆರೆದು ಕ್ಯಾಮೆರಾಗಳ ಮುಂದೆ ಓದುತ್ತಾರೆ. ಮಾತು ಹೆತ್ತವರದು, ದನಿ ಪೊಲೀಸರದು. ಕುಟುಂಬದವರು ಪಕ್ಕದಲ್ಲಿ ಮೌನವಾಗಿ ನಿಂತಿರುತ್ತಾರೆ, ಇಲ್ಲವೇ ಮನೆಗೆ ಹೊರಟುಹೋಗಿರುತ್ತಾರೆ.

ಇದರಲ್ಲಿ ದಯೆ ಇಲ್ಲವೆಂದು ನಾವು ಹೇಳಲಾರೆವು. ಮಗನನ್ನು ಕಳೆದುಕೊಂಡ ತಾಯಿಯನ್ನು ಮೈಕುಗಳ ನಡುವೆ ನಿಲ್ಲಿಸುವುದಕ್ಕಿಂತ ಇದು ವಾಸಿ. ಆದರೆ ಕುಟುಂಬಕ್ಕೂ ಪೊಲೀಸರಿಗೂ ನಡುವೆ ಓಡಾಡುವ ಸಂಪರ್ಕಾಧಿಕಾರಿ ಅಲ್ಲಿ ಮೊದಲು ತನಿಖಾಧಿಕಾರಿ, ಆಮೇಲೆ ಸಾಂತ್ವನ ಹೇಳುವವರು. ಅವರು ಮನೆಯೊಳಗೆ ಬಂದಾಗ ಅವರ ಕಣ್ಣು ಕಿವಿಗಳೂ ಜೊತೆಗೆ ಬರುತ್ತವೆ. ಕುಟುಂಬದ ದೂರು ಪೊಲೀಸರ ಮೇಲೆಯೇ ಇದ್ದರೆ ಆ ಕಾಗದ ಓದುವವರು ಯಾರು?

ಈ ಪ್ರಶ್ನೆ ಲಂಡನ್ನಿನಲ್ಲಿ 1993ರಲ್ಲಿ ಎದ್ದಿತು. ಏಪ್ರಿಲ್ 22ರ ರಾತ್ರಿ ಎಲ್ಥಮ್‌ನ ಬಸ್ ನಿಲ್ದಾಣದ ಬಳಿ ಸ್ಟೀಫನ್ ಲಾರೆನ್ಸ್ ಎಂಬ 18ರ ಕಪ್ಪು ಹುಡುಗನನ್ನು ಬಿಳಿಯ ಯುವಕರ ಗುಂಪೊಂದು ಇರಿದು ಕೊಂದಿತು. ತಂದೆ ನೆವಿಲ್, ತಾಯಿ ಡೊರೀನ್ ಜಮೈಕಾ ಮೂಲದವರು. ಮನೆಗೆ ಇಬ್ಬರು ಸಂಪರ್ಕಾಧಿಕಾರಿಗಳು ಬಂದರು. ಮನೆ ತುಂಬ ಬಂಧುಗಳು, ಗೆಳೆಯರು. ಇವರೆಲ್ಲ ಯಾರು ಎಂದು ಅಧಿಕಾರಿಗಳು ವಿಚಾರಿಸಿದರು. ನಮ್ಮ ಕಡೆ ಮಯ್ಯತ್ ಆದ ಮನೆಯಲ್ಲಿ ಕೂತವರನ್ನು ಹೀಗೆ ಕೇಳಿದರೆ ಹೇಗಿರುತ್ತದೆ, ಊಹಿಸಿ. ಹುಡುಗನ ಉಣ್ಣೆ ಟೋಪಿ, ಕೈಗವಸುಗಳ ಬಗ್ಗೆಯೂ ಪ್ರಶ್ನೆ ಬಂತು. ಸತ್ತ ಮಗನನ್ನು ಕಳ್ಳನೆಂದು ಶಂಕಿಸುತ್ತಿದ್ದಾರೆಂದು ತಾಯಿಗೆ ತೋರಿತು.

ತಮ್ಮ ಮಾತನ್ನು ತಾವೇ ಆಡಬೇಕೆಂದು ಕುಟುಂಬ ಹೊರಟಿತು. ಇಮ್ರಾನ್ ಖಾನ್ ಎಂಬ ಯುವ ವಕೀಲರು (ಕ್ರಿಕೆಟಿಗರಲ್ಲ) ಅವರ ಪರವಾಗಿ ಪತ್ರದ ಮೇಲೆ ಪತ್ರ ಬರೆದರು. ಪೊಲೀಸರಿಗೆ ಅದು ತಲೆನೋವಾಯಿತು. ಮೇ 4ರಂದು ಹೆತ್ತವರು ಪತ್ರಿಕಾಗೋಷ್ಠಿ ಕರೆದು ತನಿಖೆ ಸಾಗುತ್ತಿಲ್ಲವೆಂದು ದೂರಿದರು. ಮೇ 6ರಂದು ಲಂಡನ್ನಿಗೆ ಬಂದಿದ್ದ ನೆಲ್ಸನ್ ಮಂಡೇಲಾ ಅವರನ್ನು ಭೇಟಿಯಾದರು. ಅದೇ ದಿನ ಡೊರೀನ್, ಜನ ತಿಳಿಸಿದ್ದ ಶಂಕಿತರ ಹೆಸರುಗಳ ಚೀಟಿಯನ್ನು ಹಿರಿಯ ಅಧಿಕಾರಿಯೊಬ್ಬರಿಗೆ ಕೊಟ್ಟರು. ಅವರು ಅದನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದುದನ್ನು ಆಕೆ ನೋಡುತ್ತಿದ್ದರು. ಮರುದಿನ ಮೊದಲ ಬಂಧನಗಳಾದವು. ಮಂಡೇಲಾ ಬಾರದಿದ್ದರೆ ಎಂದು ನಮಗೆ ಈಗಲೂ ಅನಿಸುತ್ತದೆ.

ಬಂಧಿತರು ಶಿಕ್ಷೆಯಾಗದೆ ಹೊರಬಂದರು. ಹೆತ್ತವರು ಬಿಡಲಿಲ್ಲ. 1997ರಲ್ಲಿ ಸರ್ಕಾರ ನ್ಯಾಯಮೂರ್ತಿ ವಿಲಿಯಂ ಮ್ಯಾಕ್‌ಫರ್ಸನ್ ಅವರನ್ನು ವಿಚಾರಣೆಗೆ ನೇಮಿಸಿತು. 1999ರ ಫೆಬ್ರವರಿಯಲ್ಲಿ ಬಂದ ಅವರ ವರದಿ ಲಂಡನ್ ಪೊಲೀಸ್ ಸಂಸ್ಥೆಯಲ್ಲೇ ಜನಾಂಗದ್ವೇಷ ಬೇರೂರಿದೆಯೆಂದಿತು. ಜಗತ್ತು ನೆನಪಿಟ್ಟದ್ದು ಆ ಮಾತನ್ನೇ. ಆದರೆ ಅದರ 70 ಶಿಫಾರಸುಗಳಲ್ಲಿ ಕೆಲವು ಈ ಸಾವಿನ ಮನೆಯ ಬಾಗಿಲಿಗೆ ಸಂಬಂಧಿಸಿದವು. ಸಂಪರ್ಕಾಧಿಕಾರಿಗೆ ತರಬೇತಿ ಬೇಕು, ಬೇರೆ ಬೇರೆ ಸಮುದಾಯಗಳ ರೀತಿ ರಿವಾಜುಗಳ ಅರಿವು ಬೇಕು, ಆತನ ಮುಖ್ಯ ಕೆಲಸ ಇದೇ ಆಗಿರಬೇಕು. ಕುಟುಂಬ ಕೇಳಿದ್ದನ್ನು ನಡೆಸಿಕೊಡದಿದ್ದರೆ ಅದನ್ನು ದಾಖಲಿಸಿ ಮೇಲಧಿಕಾರಿಗೆ ತಿಳಿಸಬೇಕು. ನಮಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಕೊನೆಯದು. ನಿರಾಕರಣೆಯೂ ಕಡತಕ್ಕೆ ಸೇರಿದರೆ ಮನೆಯವರ ಮಾತನ್ನು ನುಂಗಿಹಾಕುವುದು ಸುಲಭವಲ್ಲ.

2012ರ ಜನವರಿಯಲ್ಲಿ, ಕೊಲೆಯಾಗಿ 18 ವರ್ಷ ಕಳೆದ ಮೇಲೆ, ಇಬ್ಬರಿಗೆ ಶಿಕ್ಷೆಯಾಯಿತು. ನ್ಯಾಯಾಲಯದ ಹೊರಗೆ ಡೊರೀನ್ ತಮ್ಮ ಹೇಳಿಕೆಯನ್ನು ತಾವೇ ಓದಿದರು, ಇದು ಸಂಭ್ರಮದ ದಿನವಲ್ಲ ಎಂದರು.

ಇನ್ನೊಂದು ಸಂಗತಿ ಆಮೇಲೆ ಹೊರಬಿತ್ತು. ಕುಟುಂಬದ ಹೆಸರು ಕೆಡಿಸುವಂಥದ್ದೇನಾದರೂ ಹುಡುಕೆಂದು ತನಗೆ ಹೇಳಿದ್ದರೆಂದು ವೇಷ ಮರೆಸಿಕೊಂಡು ಕೆಲಸ ಮಾಡಿದ್ದ ಪೊಲೀಸನೊಬ್ಬ 2013ರಲ್ಲಿ ಬಾಯಿಬಿಟ್ಟ. 2014ರಲ್ಲಿ ವಕೀಲ ಮಾರ್ಕ್ ಎಲಿಸನ್ ಅವರ ವರದಿ, ಕುಟುಂಬದ ಹೋರಾಟಕ್ಕೆ ಹತ್ತಿರವಿದ್ದ ಗುಂಪಿನೊಳಗೆ ಗೂಢಚಾರನೊಬ್ಬನಿದ್ದುದನ್ನು ಖಚಿತಪಡಿಸಿತು. ಮನೆಯಲ್ಲಿ ಕೂತವರೆಲ್ಲ ಯಾರು ಎಂದು 1993ರಲ್ಲಿ ಕೇಳಿದ್ದ ಪ್ರಶ್ನೆ ಆಗ ಅನೇಕರಿಗೆ ಮತ್ತೆ ನೆನಪಾಯಿತು.